ಒಂದು ಅಳತೆಚಮಚದೊಳಗೆ ಎಷ್ಟು ಸೊಪ್ಪು ಹಿಡಿದೀತು?

ಕಳೆದ ವಾರ ಅಡುಗೆಮನೆಯಲ್ಲಿ ಒಂದು ಸಣ್ಣ ಪರೀಕ್ಷೆ ಮಾಡಿದೆ. ಪಾಲಕ್ ಎಲೆಗಳನ್ನು ದಂಟಿನಿಂದ ಬಿಡಿಸಿ, ತೊಳೆದು, ಬಟ್ಟೆಯ ಮೇಲೆ ಹರವಿ ನೀರಾರಿಸಿ, ಡಿಜಿಟಲ್ ತಕ್ಕಡಿಯಲ್ಲಿ ಸರಿಯಾಗಿ 100 ಗ್ರಾಂ ತೂಗಿಕೊಂಡೆ. ದೊಡ್ಡ ಬೋಗುಣಿ ತುಂಬಿತು. ಅದನ್ನು ಓವನ್ನಿನ ಅತಿ ಕಡಿಮೆ ಶಾಖದಲ್ಲಿ, ಬಾಗಿಲನ್ನು ಚೂರು ತೆರೆದಿಟ್ಟು, ಎಲೆ ಮುಟ್ಟಿದರೆ ಮುರಿಯುವ ತನಕ ಒಣಗಿಸಿದೆ. ಮತ್ತೆ ತೂಗಿದಾಗ ಅಂಕಿ 9ಕ್ಕೆ ಬಂದು ನಿಂತಿತು. ಬೋಗುಣಿ ತುಂಬ ಇದ್ದದ್ದು ಒಂದು ಮುಷ್ಟಿಯೊಳಗೆ ಅಡಗುವಷ್ಟಾಗಿತ್ತು. ಪಾಲಕ್‌ನಲ್ಲಿ ನೂರಕ್ಕೆ 91 ಪಾಲು ನೀರು ಎಂದು ಪುಸ್ತಕದಲ್ಲಿ ಓದುವುದು ಬೇರೆ, ಅದು ಕಣ್ಣೆದುರೇ ಆರಿ ಹೋಗುವುದನ್ನು ನೋಡುವುದು ಬೇರೆ.

ಈ ಕಸರತ್ತಿಗೆ ಕಾರಣವಾದದ್ದು ಸ್ನೇಹಿತರೊಬ್ಬರು ಕೊಟ್ಟ ಒಂದು ಡಬ್ಬಿ. ಒಣಗಿಸಿದ ಸೊಪ್ಪು, ತರಕಾರಿ, ಗೋಧಿಹುಲ್ಲು, ಪಾಚಿ, ಗಿಡಮೂಲಿಕೆಗಳನ್ನೆಲ್ಲ ಬೆರೆಸಿದ ಹಸಿರು ಪುಡಿ ಅದು. ದಿನಕ್ಕೊಂದು ಚಮಚ ನೀರಿಗೆ ಕದಡಿ ಕುಡಿದರೆ ಸಾಕು, ತರಕಾರಿಯ ಚಿಂತೆ ಬೇಡ ಎಂಬ ಧಾಟಿಯ ಬರಹ ಅದರ ಮೇಲಿತ್ತು. ಒಳಗಿದ್ದ ಅಳತೆಚಮಚ ತುಂಬಿ ತೂಗಿದೆ: 10 ಗ್ರಾಂ. ಹಿಂಬದಿಯ ಸಣ್ಣ ಅಕ್ಷರಗಳಲ್ಲಿ ಪದಾರ್ಥಗಳನ್ನು ಎಣಿಸಿದೆ: 64. ಈ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಹಸಿರು ಪುಡಿಯ ಬಗ್ಗೆ ತಿಳಿಯಬೇಕಾದದ್ದರಲ್ಲಿ ಅರ್ಧ ತಿಳಿದಂತೆಯೇ.

ಲೆಕ್ಕ ಸರಳ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ಮತ್ತು ತರಕಾರಿ. ಚಮಚದಲ್ಲಿರುವ 10 ಗ್ರಾಂ ಪುಡಿ ಅಪ್ಪಟ ಸೊಪ್ಪೇ ಆಗಿದ್ದರೂ ಹಸಿ ಲೆಕ್ಕದಲ್ಲಿ ಅದು 110 ಗ್ರಾಂ ದಾಟುವುದಿಲ್ಲ. ಆದರೆ ಅಪ್ಪಟ ಸೊಪ್ಪು ಎಲ್ಲಿದೆ? ಆ 10 ಗ್ರಾಂ ಒಳಗೇ ಪುಡಿ ನೀರಿನಲ್ಲಿ ಬೆರೆಯಲೆಂದು ಲೆಸಿಥಿನ್, ಸಿಹಿಗಾಗಿ ಸ್ಟೀವಿಯಾ, ಹುಳಿಗೆ ಸಿಟ್ರಿಕ್ ಆಮ್ಲ, ರುಚಿಕಾರಕ, ಬ್ಯಾಕ್ಟೀರಿಯಾ, ಕಿಣ್ವಗಳೆಲ್ಲ ತಮ್ಮ ಜಾಗ ಹಿಡಿದಿವೆ. ಎಲ್ಲಕ್ಕೂ ಸಮಪಾಲು ಎಂದುಕೊಂಡರೂ ಒಂದೊಂದಕ್ಕೆ ಸಿಗುವುದು ಸುಮಾರು 156 ಮಿಲಿಗ್ರಾಂ. ಅಷ್ಟು ಒಣಪುಡಿ ಹಸಿಯಾಗಿದ್ದಾಗ ಒಂದೂಮುಕ್ಕಾಲು ಗ್ರಾಂ, ಅಂದರೆ ಒಂದು ಎಲೆಯ ತುಣುಕು. ಬ್ರೊಕೊಲಿ, ಬೀಟ್‌ರೂಟ್, ಬ್ಲೂಬೆರಿ ಎಂದು ಚಿತ್ರ ಸಮೇತ ಹೆಸರು ಹೊತ್ತುಕೊಂಡದ್ದರಲ್ಲಿ ಬಹುಪಾಲು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ.

ಹಾಗಾದರೆ ಪೋಷಕಾಂಶಗಳ ಪಟ್ಟಿಯಲ್ಲಿ ಅಷ್ಟು ದೊಡ್ಡ ಅಂಕಿಗಳು ಬಂದದ್ದೆಲ್ಲಿಂದ? ನನ್ನ ಕೈಯಲ್ಲಿದ್ದ ಡಬ್ಬಿ ಒಂದು ಚಮಚಕ್ಕೆ 300 ಮಿಲಿಗ್ರಾಂ ವಿಟಮಿನ್ ಸಿ ಎನ್ನುತ್ತಿತ್ತು. 100 ಗ್ರಾಂ ಹಸಿ ಪಾಲಕ್‌ನಲ್ಲಿರುವುದು ಸುಮಾರು 28 ಮಿಲಿಗ್ರಾಂ. ಒಣಗಿಸುವಾಗ ಬಿಸಿಗೂ ಗಾಳಿಗೂ ಮೊದಲು ಬಲಿಯಾಗುವುದು ಅದೇ. ಸೊಪ್ಪಿನಿಂದ ಬರಲಾಗದ್ದು ಬೇರೆಲ್ಲಿಂದಲೋ ಬಂದಿರಲೇಬೇಕು. ಪಟ್ಟಿಯ ಕೊನೆಯ ಸಾಲುಗಳಲ್ಲಿ ಉತ್ತರವಿದೆ: ಆಸ್ಕಾರ್ಬಿಕ್ ಆಮ್ಲ (ವಿಟಮಿನ್ ಸಿ), ಪಿರಿಡಾಕ್ಸಿನ್ ಹೈಡ್ರೊಕ್ಲೋರೈಡ್ (ಬಿ6), ಝಿಂಕ್ ಸಿಟ್ರೇಟ್ (ಸತು), ಸಯನೊಕೊಬಾಲಮಿನ್ (ಬಿ12). ಕಾರ್ಖಾನೆಯಲ್ಲಿ ತಯಾರಾಗಿ, ಪುಡಿಗೆ ಅಳೆದು ಸೇರಿಸಿದ ವಿಟಮಿನ್ ಮತ್ತು ಖನಿಜಗಳು ಇವು. ಸಾಮಾನ್ಯ ಮಲ್ಟಿವಿಟಮಿನ್ ಮಾತ್ರೆಯೊಳಗೆ ಇರುವುದೂ ಇವೇ.

ಇದರಲ್ಲಿ ಮೋಸವೇನೂ ಇಲ್ಲ. ಆಸ್ಕಾರ್ಬಿಕ್ ಆಮ್ಲ ಹಣ್ಣಿನಿಂದ ಬಂದರೂ ಕಾರ್ಖಾನೆಯಿಂದ ಬಂದರೂ ಅಣು ಒಂದೇ. ಕಾರ್ಖಾನೆಯ ಫೋಲಿಕ್ ಆಮ್ಲವಂತೂ ಸೊಪ್ಪಿನಲ್ಲಿರುವ ಅದರ ಸಹಜ ರೂಪವಾದ ಫೋಲೇಟ್‌ಗಿಂತ ಚೆನ್ನಾಗಿಯೇ ಮೈಗೆ ಹತ್ತುತ್ತದೆ. ನನ್ನ ತಕರಾರು ಬೇರೆ: ಕೆಲಸ ಮಾಡುವುದು ಆ ಕೊನೆಯ ಸಾಲುಗಳು, ಹೆಸರು ಬರುವುದು ಮುಂಬದಿಯ ಎಲೆಗಳ ಚಿತ್ರಕ್ಕೆ. ವಿಟಮಿನ್ ಬಿ12 ಇದಕ್ಕೆ ಒಳ್ಳೆಯ ಸಾಕ್ಷಿ. ಯಾವ ಸೊಪ್ಪಿನಲ್ಲೂ ಅದು ಲೆಕ್ಕಕ್ಕೆ ಬರುವಷ್ಟು ಇಲ್ಲ. ಸ್ಪಿರುಲಿನಾ ಎಂಬ ನೀಲಿಹಸಿರು ಪಾಚಿಯಲ್ಲಿ ಧಾರಾಳವಾಗಿದೆ ಎಂದು ಹಲವರು ನಂಬಿದ್ದಾರೆ, ಆದರೆ ಅದರಲ್ಲಿ ಹೆಚ್ಚಾಗಿ ಇರುವುದು ಬಿ12ನ್ನೇ ಹೋಲುವ, ಮನುಷ್ಯನ ದೇಹಕ್ಕೆ ಉಪಯೋಗಕ್ಕೆ ಬಾರದ ಒಂದು ಸೋಗಿನ ರೂಪ. ಮಾಂಸ, ಹಾಲು, ಮೊಟ್ಟೆ ಮೂರನ್ನೂ ಬಿಟ್ಟವರು ಸ್ಪಿರುಲಿನಾ ಇದೆಯಲ್ಲ ಎಂದು ನಿಶ್ಚಿಂತರಾಗಿರುವುದು ಅಪಾಯದ ಮಾತು.

ಪುಡಿಯ ಕಲ್ಪನೆ ಇಂದಿನದಲ್ಲ. 1930ರ ದಶಕದಲ್ಲಿ ಅಮೆರಿಕದಲ್ಲಿ ಚಾರ್ಲ್ಸ್ ಶ್ನಾಬೆಲ್ ಎಂಬ ಕೃಷಿ ರಸಾಯನ ತಜ್ಞ ಸೊರಗಿದ ಕೋಳಿಗಳ ಮೇವಿಗೆ ಎಳೆಯ ಧಾನ್ಯದ ಹುಲ್ಲನ್ನು ಒಣಗಿಸಿ ಬೆರೆಸಿದ. ಕೋಳಿಗಳು ಚೇತರಿಸಿಕೊಂಡು ಮೊಟ್ಟೆ ಇಡತೊಡಗಿದವು. ಅದೇ ಹುಲ್ಲು ಮುಂದೆ ಸೆರೊಫಿಲ್ ಎಂಬ ಹೆಸರಿನಲ್ಲಿ ಮನುಷ್ಯರಿಗೂ ಮಾರಾಟವಾಯಿತು. ಜಪಾನಿನಲ್ಲಿ ಯುದ್ಧಕಾಲದ ಆಹಾರದ ಅಭಾವದ ನಡುವೆ, 1943ರಲ್ಲಿ, ನಿರೊ ಎಂಡೊ ಎಂಬ ವೈದ್ಯ ಸೊಪ್ಪಿನ ರಸ ಹಿಂಡಿ ಕುಡಿಸುವ ಪದ್ಧತಿ ಶುರುಮಾಡಿದ. ಅವೋಜಿರು ಎಂಬ ಆ ಹಸಿರು ರಸ ಇಂದು ಅಲ್ಲಿ ಪುಡಿಯ ಪೊಟ್ಟಣವಾಗಿ ಸಿಗುತ್ತದೆ. ಎರಡೂ ಕಡೆ ಸೊಪ್ಪು ಬಂದದ್ದು ಕೊರತೆಯಿದ್ದ ಹೊಟ್ಟೆಗೆ. ಕೊರತೆಯಿದ್ದಲ್ಲಿ ಸ್ವಲ್ಪ ಕೊಟ್ಟರೂ ಫಲ ಎದ್ದು ಕಾಣುತ್ತದೆ. ಹೊಟ್ಟೆ ತುಂಬ ಬಗೆಬಗೆಯಾಗಿ ಉಣ್ಣುವವರಿಗೂ ಅದೇ ಚಮತ್ಕಾರ ಆಗುತ್ತದೆ ಎಂದು ಮಾರುವಾಗಲೇ ಎಡವಟ್ಟು.

ಒಣಗಿಸಿದ ಎಲೆಯಲ್ಲಿ ಉಳಿಯುವುದೂ ಕಡಿಮೆಯೇನಲ್ಲ. ಖನಿಜಗಳು ಎಲ್ಲಿಗೂ ಓಡಿಹೋಗುವುದಿಲ್ಲ. ವಿಟಮಿನ್ ಕೆ ಗಟ್ಟಿಗ, ಬಿಸಿಗೆ ಬಗ್ಗುವುದಿಲ್ಲ. ಬೀಟಾ ಕ್ಯಾರೊಟೀನ್ ಮತ್ತು ಲೂಟೀನ್ ಎಂಬ ವರ್ಣದ್ರವ್ಯಗಳ ಮಟ್ಟಿಗೆ ಪುಡಿಗೊಂದು ಅನುಕೂಲವೂ ಇದೆ: ನುಣ್ಣಗೆ ಅರೆದಾಗ ಸಸ್ಯಕೋಶದ ಗೋಡೆ ಒಡೆದು ಅವು ಸುಲಭವಾಗಿ ಹೊರಬರುತ್ತವೆ. ಆದರೆ ಇವೆಲ್ಲ ಕೊಬ್ಬಿನಲ್ಲಿ ಕರಗುವಂಥವು, ಒಂದಿಷ್ಟು ಎಣ್ಣೆಯ ಅಂಶ ಜೊತೆಗಿಲ್ಲದೆ ಕರುಳು ದಾಟುವುದು ಕಷ್ಟ. ನನ್ನ ಡಬ್ಬಿಯ ಸೂಚನೆಯಂತೂ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ, ತಣ್ಣೀರಿನಲ್ಲಿ ಕುಡಿಯಿರಿ ಎನ್ನುತ್ತದೆ. ಪುಡಿಗೆ ಇರುವ ಒಂದು ನಿಜವಾದ ಹೆಚ್ಚುಗಾರಿಕೆಯನ್ನು ಅದರ ತಯಾರಕರೇ ನೀರಿಗೆ ಹಾಕುತ್ತಿದ್ದಾರೆ. ಊಟದ ಜೊತೆ ಕುಡಿದರೆ ಎಷ್ಟೋ ವಾಸಿ.

ಬ್ರೊಕೊಲಿಯದು ಇನ್ನೊಂದು ಕಥೆ. ಅದರಲ್ಲಿ ಮೆಚ್ಚುವ ಸಲ್ಫೊರಫೇನ್ ಎಂಬ ವಸ್ತು ಹಸಿ ತರಕಾರಿಯಲ್ಲಿ ಸಿದ್ಧವಾಗಿ ಕುಳಿತಿರುವುದಿಲ್ಲ. ಹಲ್ಲಿನ ನಡುವೆ ಜಜ್ಜಿದಾಗ ಮೈರೊಸಿನೇಸ್ ಎಂಬ ಕಿಣ್ವ ಕೆಲಸ ಮಾಡಿ ಅದು ಹುಟ್ಟುತ್ತದೆ. ಒಣಗಿಸುವ ಮುಂಚೆ ಬಿಸಿನೀರಿನಲ್ಲಿ ಅದ್ದಿದರೆ ಕಿಣ್ವ ಸಾಯುತ್ತದೆ. ಪುಡಿಯಲ್ಲಿ ಬ್ರೊಕೊಲಿ ಇದೆ ಎಂಬುದರಿಂದ ಸಲ್ಫೊರಫೇನ್ ಸಿಗುತ್ತದೆ ಎಂದು ಹೇಳಲು ಬರುವುದಿಲ್ಲ.

ನಾರಿನ ವಿಷಯದಲ್ಲಿ ಮಾತ್ರ ಪುಡಿ ಪೂರ್ತಿ ಸೋಲುತ್ತದೆ. ವಯಸ್ಕರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು ಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2023ರ ಸಲಹೆ. ಒಂದು ಚಮಚ ಪುಡಿಯಲ್ಲಿ ಸಾಮಾನ್ಯವಾಗಿ ಸಿಗುವುದು ಒಂದೆರಡು ಗ್ರಾಂ. 'ಜ್ಯೂಸ್ ಪೌಡರ್' ಎಂದಿದ್ದರೆ ಅದೂ ಇಲ್ಲ, ಏಕೆಂದರೆ ರಸ ಹಿಂಡಿ ನಾರನ್ನು ಎಸೆದ ಮೇಲೆ ಉಳಿದದ್ದನ್ನು ಒಣಗಿಸಿರುತ್ತಾರೆ. ಗ್ರಾಂ ಲೆಕ್ಕಕ್ಕಿಂತ ದೊಡ್ಡ ವ್ಯತ್ಯಾಸ ಇನ್ನೊಂದಿದೆ. ತಟ್ಟೆಯಲ್ಲಿ ರಾಶಿ ಬಿದ್ದ ತರಕಾರಿ ಜಾಗ ಹಿಡಿಯುತ್ತದೆ, ಅಗಿಯಲು ಹೊತ್ತು ಬೇಡುತ್ತದೆ, ಹೊಟ್ಟೆ ತುಂಬಿಸುತ್ತದೆ, ಆ ಮೂಲಕ ಬೇರೆ ಏನನ್ನೋ ತಟ್ಟೆಯಿಂದ ಆಚೆ ತಳ್ಳುತ್ತದೆ. ಚಮಚದ ಪುಡಿ ಯಾವುದನ್ನೂ ತಳ್ಳುವುದಿಲ್ಲ. ಏನು ತಿನ್ನುತ್ತಿದ್ದೆವೋ ಅದರ ಮೇಲೆ ಬಂದು ಕುಳಿತುಕೊಳ್ಳುತ್ತದೆ ಅಷ್ಟೆ.

ತರಕಾರಿ ಹೆಚ್ಚು ತಿನ್ನುವವರಲ್ಲಿ ಹೃದ್ರೋಗ ಕಡಿಮೆ ಎಂದು ಹೇಳುವ ಅಧ್ಯಯನಗಳನ್ನು ಪುಡಿಯ ಜಾಹೀರಾತುಗಳು ಧಾರಾಳವಾಗಿ ಬಳಸಿಕೊಳ್ಳುತ್ತವೆ. ಆ ಅಧ್ಯಯನಗಳಲ್ಲಿ ಜನ ತಿಂದದ್ದು ತರಕಾರಿಯನ್ನು. ಅದರೊಳಗಿನ ಒಂದು ಒಳ್ಳೆಯ ಅಂಶವನ್ನು ಹೆಕ್ಕಿ ಕೊಟ್ಟರೆ ಅದೇ ಫಲ ಸಿಗುತ್ತದೆಯೇ ಎಂಬ ಪ್ರಶ್ನೆಗೆ ವಿಜ್ಞಾನ ಒಮ್ಮೆ ಬಹಳ ದುಬಾರಿಯಾದ ಉತ್ತರ ಪಡೆದಿದೆ. ಕ್ಯಾರೊಟೀನ್ ಹೆಚ್ಚಿರುವ ತರಕಾರಿ ತಿನ್ನುವವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಕಡಿಮೆ ಎಂಬುದು 1980ರ ಹೊತ್ತಿಗೆ ಗಟ್ಟಿಯಾಗಿ ಕಂಡುಬಂದಿತ್ತು. ಹಾಗಾಗಿ ಫಿನ್ಲೆಂಡ್‌ನಲ್ಲಿ 29,133 ಮಂದಿ ಧೂಮಪಾನಿ ಗಂಡಸರನ್ನು ಸೇರಿಸಿಕೊಂಡು, ಒಂದು ಪಾಲಿನವರಿಗೆ ವರ್ಷಗಟ್ಟಲೆ ದಿನಕ್ಕೆ 20 ಮಿಲಿಗ್ರಾಂ ಬೀಟಾ ಕ್ಯಾರೊಟೀನ್ ಕೊಟ್ಟು ನೋಡಿದರು. 1994ರಲ್ಲಿ ಫಲಿತಾಂಶ ಬಂತು: ಕ್ಯಾರೊಟೀನ್ ನುಂಗಿದವರಲ್ಲಿ ಶ್ವಾಸಕೋಶದ ಕ್ಯಾನ್ಸರ್ ಶೇ 18ರಷ್ಟು ಹೆಚ್ಚು. ಎಲ್ಲೋ ಲೆಕ್ಕ ತಪ್ಪಿರಬೇಕು ಎಂದುಕೊಂಡವರೂ ಇದ್ದರು. ಅಮೆರಿಕದಲ್ಲಿ ಧೂಮಪಾನಿಗಳು ಮತ್ತು ಕಲ್ನಾರಿನ ಧೂಳಿನಲ್ಲಿ ದುಡಿದವರು ಸೇರಿ 18,314 ಜನರ ಮೇಲೆ, ವಿಟಮಿನ್ ಎ ಕೂಡ ಜೊತೆಗಿಟ್ಟು, ಇಂಥದೇ ಪ್ರಯೋಗ ನಡೆದಿತ್ತು. ಅಲ್ಲೂ ಕ್ಯಾನ್ಸರ್ ಶೇ 28ರಷ್ಟು ಹೆಚ್ಚಾದದ್ದು ಕಂಡು 1996ರ ಜನವರಿಯಲ್ಲಿ, ಅವಧಿಗೆ 21 ತಿಂಗಳು ಮೊದಲೇ ಅದನ್ನು ನಿಲ್ಲಿಸಬೇಕಾಯಿತು.

ಹಸಿರು ಪುಡಿಯಿಂದ ಕ್ಯಾನ್ಸರ್ ಬರುತ್ತದೆ ಎಂದು ಇದರ ಅರ್ಥವಲ್ಲ, ಅಷ್ಟು ಕ್ಯಾರೊಟೀನ್ ಅದರಲ್ಲಿ ಇರುವುದೂ ಇಲ್ಲ. ತರಕಾರಿಗೆ ಸಂದ ಪ್ರಶಸ್ತಿಪತ್ರವನ್ನು ಅದರಿಂದ ತೆಗೆದ ಸಾರ ಜೇಬಿಗಿಳಿಸಿಕೊಳ್ಳುವಂತಿಲ್ಲ, ಅದು ತನ್ನ ಪರೀಕ್ಷೆಯನ್ನು ತಾನೇ ಬರೆಯಬೇಕು ಎಂದಷ್ಟೇ ನನ್ನ ಮಾತು. ಹಸಿರು ಪುಡಿಗಳು ಆ ಪರೀಕ್ಷೆಗೆ ಕುಳಿತದ್ದು ಕಡಿಮೆ. ನಡೆದ ಪ್ರಯೋಗಗಳು ಹೆಚ್ಚಾಗಿ ಕೆಲವೇ ಡಜನ್ ಜನರ ಮೇಲೆ, ಕೆಲವೇ ವಾರಗಳವು, ಹಣ ಹಾಕಿದ್ದು ಬಹಳ ಕಡೆ ತಯಾರಕರೇ. 2024ರಲ್ಲಿ ಪ್ರಕಟವಾದ ಅಂಥದೊಂದು ಪ್ರಯೋಗದಲ್ಲಿ 30 ಜನ ಆರೋಗ್ಯವಂತರು ನಾಲ್ಕು ವಾರ ಪುಡಿಯನ್ನೋ ಅದರಂತೆಯೇ ಕಾಣುವ ಹುಸಿಪುಡಿಯನ್ನೋ ಕುಡಿದರು. ಪುಡಿ ಕುಡಿದವರ ಕರುಳಿನಲ್ಲಿ ಎರಡು ಬಗೆಯ ಬ್ಯಾಕ್ಟೀರಿಯಾ ಹೆಚ್ಚಿದವು. ಆ ಎರಡೂ ಪುಡಿಯೊಳಗೇ ಬೆರೆಸಿದ್ದ ಬ್ಯಾಕ್ಟೀರಿಯಾಗಳು. ಮೇಲಿನಿಂದ ಹಾಕಿದ್ದು ಕೆಳಗೆ ಸಿಕ್ಕಿದೆ. ಇದರಿಂದ ಆರೋಗ್ಯಕ್ಕೆ ಏನಾಯಿತು ಎಂಬುದು ಹಾಗೆಯೇ ಉಳಿದಿದೆ.

ಮೈಯಲ್ಲಿ ಹೊಸ ಚೈತನ್ಯ ಬಂತು ಎನ್ನುವವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ. ವಿಟಮಿನ್ ಕೊರತೆಯಿದ್ದವರಿಗೆ ಅದು ನಿಜವೇ ಆಗಿರಬಹುದು. ಬೆಳಗ್ಗೆದ್ದು ಮೊದಲು ಒಂದು ದೊಡ್ಡ ಲೋಟ ನೀರು ಕುಡಿಯತೊಡಗಿದ್ದರ ಫಲವೂ ಆಗಿರಬಹುದು. ಆರೋಗ್ಯದ ಕಡೆ ಗಮನ ಹರಿಸತೊಡಗಿದವರು ನಿದ್ದೆಯನ್ನೂ ನಡಿಗೆಯನ್ನೂ ಒಟ್ಟಿಗೇ ಸರಿಪಡಿಸಿಕೊಂಡಿರುತ್ತಾರೆ, ಯಶಸ್ಸು ಮಾತ್ರ ಡಬ್ಬಿಯ ಖಾತೆಗೆ ಜಮೆಯಾಗುತ್ತದೆ.

ಉಳಿದ ಘೋಷಣೆಗಳಿಗೆ ಹೆಚ್ಚು ಹೊತ್ತು ಬೇಡ. ರಕ್ತವನ್ನು ಕ್ಷಾರೀಯಗೊಳಿಸುತ್ತದೆ ಎನ್ನುವುದು ಆಗದ ಮಾತು: ರಕ್ತದ ಪಿಎಚ್ 7.35 ಮತ್ತು 7.45ರ ನಡುವೆ ಇರುವಂತೆ ಶ್ವಾಸಕೋಶ ಮತ್ತು ಮೂತ್ರಪಿಂಡಗಳು ಹಗಲಿರುಳು ಕಾಯುತ್ತವೆ, ಆಹಾರದಿಂದ ಬದಲಾಗುವುದು ಮೂತ್ರದ ಪಿಎಚ್ ಮಾತ್ರ. ವಿಷ ಹೊರಹಾಕುತ್ತದೆ ಎನ್ನುವವರು ಯಾವ ವಿಷ ಎಂದು ಹೇಳುವುದಿಲ್ಲ. ಉತ್ಕರ್ಷಣ ನಿರೋಧಕ (ಆ್ಯಂಟಿಆಕ್ಸಿಡೆಂಟ್) ಶಕ್ತಿಯನ್ನು ಓರ್ಯಾಕ್ ಎಂಬ ಅಳತೆಯ ಅಂಕಿಗಳಲ್ಲಿ ತೋರಿಸುವ ಡಬ್ಬಿಗಳು ಇನ್ನೂ ಇವೆ. ಪ್ರಯೋಗಾಲಯದ ನಳಿಕೆಯಲ್ಲಿ ಅಳೆದ ಆ ಅಂಕಿಗೂ ದೇಹದೊಳಗಿನ ಪರಿಣಾಮಕ್ಕೂ ಸಂಬಂಧ ಕಾಣದೆ ಅಮೆರಿಕದ ಕೃಷಿ ಇಲಾಖೆ ತನ್ನ ಓರ್ಯಾಕ್ ಪಟ್ಟಿಯನ್ನು 2012ರಲ್ಲೇ ಹಿಂತೆಗೆದುಕೊಂಡಿದೆ.

ಫಲದ ಮಾತು ಹೀಗಾದರೆ, ಅಪಾಯದ ಮಾತು ಯಾರು ಕುಡಿಯುತ್ತಾರೆ ಎಂಬುದನ್ನು ಅವಲಂಬಿಸಿದೆ. ಎಲ್ಲಕ್ಕಿಂತ ಮೊದಲು ಎಚ್ಚರ ಬೇಕಾದದ್ದು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರಿಗೆ. ರಕ್ತ ಹೆಪ್ಪುಗಟ್ಟಲು ಯಕೃತ್ತಿಗೆ ವಿಟಮಿನ್ ಕೆ ಬೇಕು. ವಾರ್ಫರಿನ್ ಆ ವಿಟಮಿನ್ನಿನ ಮರುಬಳಕೆಗೆ ಅಡ್ಡ ನಿಲ್ಲುತ್ತದೆ. ರೋಗಿಯ ಎಂದಿನ ಊಟ ಹೇಗಿದೆಯೋ ಅದಕ್ಕೆ ಹೊಂದಿಸಿ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಎಂದು ತೋರಿಸುವ ಐಎನ್‌ಆರ್ ಪರೀಕ್ಷೆ ಮಾಡುತ್ತಾ ವೈದ್ಯರು ಮಾತ್ರೆಯ ಪ್ರಮಾಣ ಗೊತ್ತುಮಾಡಿರುತ್ತಾರೆ. 100 ಗ್ರಾಂ ಪಾಲಕ್‌ನಲ್ಲಿ ಸುಮಾರು 480 ಮೈಕ್ರೊಗ್ರಾಂ ವಿಟಮಿನ್ ಕೆ ಇದೆ, ವಯಸ್ಕರಿಗೆ ದಿನಕ್ಕೆ ಸಾಕಾಗುವ 90ರಿಂದ 120 ಮೈಕ್ರೊಗ್ರಾಂನ ನಾಲ್ಕೈದು ಪಟ್ಟು. ಹಾಗಾಗಿ ಒಂದು ದಿನ ಇದ್ದಕ್ಕಿದ್ದಂತೆ ಶುರುವಾದ ಹಸಿರು ಪುಡಿ ಮಾತ್ರೆಯ ಬಲ ಕುಗ್ಗಿಸಬಹುದು. ಡಬ್ಬಿ ಮುಗಿದು ನಿಲ್ಲಿಸಿದಾಗ ಉಲ್ಟಾ ಆಗಿ ರಕ್ತಸ್ರಾವದ ಭಯ. ಇಂಥವರು ಸೊಪ್ಪನ್ನೇ ಬಿಡಬೇಕಿಲ್ಲ, ದಿನದಿನದ ಪ್ರಮಾಣ ಒಂದೇ ಸಮನಾಗಿರಬೇಕು. ಅಪಿಕ್ಸಬಾನ್‌ನಂಥ ಹೊಸ ಔಷಧಿಗಳಿಗೆ ವಿಟಮಿನ್ ಕೆಯ ಈ ಗೊಡವೆ ಇಲ್ಲ.

ಎರಡನೆಯದು ಆಕ್ಸಲೇಟ್. ಪಾಲಕ್‌ನಲ್ಲಿ ಹೇರಳವಾಗಿರುವ ಇದು ಕ್ಯಾಲ್ಸಿಯಂ ಜೊತೆ ಸೇರಿ ಮೂತ್ರಪಿಂಡದಲ್ಲಿ ಹರಳಾಗುತ್ತದೆ. 2018ರಲ್ಲಿ ವೈದ್ಯಕೀಯ ಪತ್ರಿಕೆಯೊಂದರಲ್ಲಿ ವರದಿಯಾದ ಪ್ರಕರಣದಲ್ಲಿ 65 ವರ್ಷದ ಮಹಿಳೆಯೊಬ್ಬರು ದೇಹಶುದ್ಧಿಗೆಂದು ಹಸಿರು ಸ್ಮೂದಿ ಕುಡಿದು ಮೂತ್ರಪಿಂಡ ಕೆಡಿಸಿಕೊಂಡಿದ್ದರು. ಅವರಿಗೆ ಹಿಂದೆ ತೂಕ ಇಳಿಸುವ ಜಠರದ ಶಸ್ತ್ರಚಿಕಿತ್ಸೆಯಾಗಿತ್ತು, ಸ್ವಲ್ಪ ದಿನಗಳ ಹಿಂದೆ ಆ್ಯಂಟಿಬಯೋಟಿಕ್ ಕೂಡ ತೆಗೆದುಕೊಂಡಿದ್ದರು. ಎರಡೂ ಆಕ್ಸಲೇಟ್ ಹೀರಿಕೆಯನ್ನು ಹೆಚ್ಚಿಸುವಂಥವು. ಎಲ್ಲರಿಗೂ ಹೀಗಾಗುವುದಿಲ್ಲ, ಆದರೆ ಮೂತ್ರಪಿಂಡದ ಕಲ್ಲಿನ ನೋವು ಒಮ್ಮೆ ಉಂಡವರು ಪುಡಿಯಲ್ಲಿ ಯಾವ ಎಲೆ ಎಷ್ಟಿದೆ ಎಂದು ಕೇಳಲೇಬೇಕು.

ಕೇಳಿದರೆ ಉತ್ತರ ಸಿಗುತ್ತದೆಯೇ? ಬಹುಪಾಲು ಸಿಗುವುದಿಲ್ಲ. ಅಮೆರಿಕದ ನಿಯಮದಂತೆ 'ಪ್ರೊಪ್ರೈಟರಿ ಬ್ಲೆಂಡ್' (ತಯಾರಕರ ಸ್ವಂತ ಮಿಶ್ರಣ) ಎಂದು ಗುಂಪು ಕಟ್ಟಿದರೆ ಒಟ್ಟು ತೂಕ ಹೇಳಿದರೆ ಸಾಕು, ಒಂದೊಂದರ ತೂಕ ಹೇಳಬೇಕಿಲ್ಲ. ತೂಕದ ಇಳಿಕೆಯ ಕ್ರಮದಲ್ಲಿ ಹೆಸರು ಬರೆಯಬೇಕೆಂಬುದು ಮಾತ್ರ ಕಡ್ಡಾಯ. ಆದ್ದರಿಂದ ಗುಂಪಿನ ಮೊದಲ ಒಂದೆರಡು ಹೆಸರುಗಳನ್ನು ಗಂಭೀರವಾಗಿ ಓದಿ, ಕೊನೆಯವನ್ನು ಅಲಂಕಾರವೆಂದು ತಿಳಿಯುವುದು ನನ್ನ ರೂಢಿ. 1994ರ ಪೂರಕ ಆಹಾರಗಳ ಕಾಯಿದೆಯ ಪ್ರಕಾರ ಅಲ್ಲಿ ಇಂಥ ಪುಡಿಗಳು ಮಾರುಕಟ್ಟೆಗೆ ಬರುವ ಮುನ್ನ ಸುರಕ್ಷಿತವೆಂದೋ ಪರಿಣಾಮಕಾರಿಯೆಂದೋ ಔಷಧಿಯ ಹಾಗೆ ಸಾಬೀತುಪಡಿಸಬೇಕಾಗಿಲ್ಲ.

ಈ ಮುಚ್ಚುಮರೆ ಗಿಡಮೂಲಿಕೆಗಳ ವಿಷಯದಲ್ಲಿ ಹೆಚ್ಚು ಕಾಡುತ್ತದೆ. ಒತ್ತಡ ತಗ್ಗಿಸಲೆಂದು ಬೆರೆಸುವ ಅಶ್ವಗಂಧದಿಂದ ಯಕೃತ್ತಿಗೆ ಪೆಟ್ಟುಬಿದ್ದ ಪ್ರಕರಣಗಳು ವರದಿಯಾಗಿವೆ, ಡೆನ್ಮಾರ್ಕ್ 2023ರಲ್ಲಿ ಅದನ್ನು ನಿಷೇಧಿಸಿತು. ಹಸಿರು ಚಹಾದ ಸಾರದಲ್ಲಿರುವ ಇಜಿಸಿಜಿ ಎಂಬ ಉತ್ಕರ್ಷಣ ನಿರೋಧಕ ವಸ್ತು ದಿನಕ್ಕೆ 800 ಮಿಲಿಗ್ರಾಂ ಮುಟ್ಟಿದರೆ ಯಕೃತ್ತಿನ ಕಿಣ್ವಗಳು ಏರುತ್ತವೆ ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2018ರಲ್ಲಿ ಎಚ್ಚರಿಸಿದೆ. ಕಡಲಕಳೆಯಲ್ಲಿ ಅಯೋಡಿನ್ ಎಷ್ಟು ಬೇಕಾದರೂ ಇರಬಹುದು, ಥೈರಾಯ್ಡ್ ತೊಂದರೆ ಇರುವವರಿಗೆ ಅದು ಸಣ್ಣ ವಿಷಯವಲ್ಲ.

ನೀರು ಆರಿಹೋದಾಗ ಒಳ್ಳೆಯದರ ಜೊತೆ ಕೆಟ್ಟದ್ದೂ ಸಾಂದ್ರವಾಗುತ್ತದೆ. ಎಲೆ ಮಣ್ಣಿನಿಂದ ಸೀಸ, ಕ್ಯಾಡ್ಮಿಯಂ ಹೀರಿದ್ದರೆ ಅವು ಪುಡಿಯಲ್ಲಿ ಹತ್ತು ಪಟ್ಟು ದಟ್ಟ. ಎಷ್ಟು ಸೀಸ ಹೆಚ್ಚು ಎಂಬುದಕ್ಕೂ ಒಂದೇ ಗೆರೆಯಿಲ್ಲ: ಕ್ಯಾಲಿಫೋರ್ನಿಯಾದಲ್ಲಿ ದಿನಕ್ಕೆ 0.5 ಮೈಕ್ರೊಗ್ರಾಂ ದಾಟಿದರೆ ಡಬ್ಬಿಯ ಮೇಲೆ ಎಚ್ಚರಿಕೆ ಬರೆಯಬೇಕು, ಹೆರುವ ವಯಸ್ಸಿನ ಹೆಂಗಸರಿಗೆ ಅಮೆರಿಕದ ಆಹಾರ ಮತ್ತು ಔಷಧಿ ಆಡಳಿತ ಇಟ್ಟುಕೊಂಡಿರುವ ಮಟ್ಟ 8.8. ಇನ್ನು, ಒಣಗಿದ ಮಾತ್ರಕ್ಕೆ ಸಾಲ್ಮೊನೆಲ್ಲಾ ಸಾಯುವುದಿಲ್ಲ, ತಿಂಗಳುಗಟ್ಟಲೆ ಸುಮ್ಮನೆ ಕುಳಿತಿರಬಲ್ಲದು. 2016ರಲ್ಲಿ ಅಮೆರಿಕದ ಇಪ್ಪತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಜನ ಹೊಟ್ಟೆ ಕೆಟ್ಟು ಮಲಗಿದಾಗ ಹುಡುಕುತ್ತಾ ಹೋದವರಿಗೆ ಸಿಕ್ಕಿದ್ದು ಪೇಯದ ಪುಡಿಯೊಂದಕ್ಕೆ ಬೆರೆಸಿದ್ದ ನುಗ್ಗೆಸೊಪ್ಪಿನ ಪುಡಿ. ಸೊಪ್ಪನ್ನು ಬೇಯಿಸಿ ತಿನ್ನುವವರನ್ನು ಬೆಂಕಿ ಕಾಯುತ್ತದೆ, ತಣ್ಣೀರಿಗೆ ಕದಡಿ ಕುಡಿಯುವವರನ್ನು ಕಾಯಬೇಕಾದದ್ದು ಕಾರ್ಖಾನೆಯ ಶುಚಿತ್ವ ಮಾತ್ರ. ಎನ್‌ಎಸ್‌ಎಫ್, ಯುಎಸ್‌ಪಿ, ಇನ್ಫಾರ್ಮ್ಡ್ ಸ್ಪೋರ್ಟ್‌ನಂಥ ಹೊರಗಿನ ಸಂಸ್ಥೆಗಳ ಮುದ್ರೆಗೆ ಬೆಲೆ ಇರುವುದು ಇಲ್ಲಿ. ಒಂದೊಂದು ಸಂಸ್ಥೆ ಒಂದೊಂದನ್ನು ನೋಡುತ್ತದೆ, ಕಲಬೆರಕೆಯನ್ನೋ ಕ್ರೀಡೆಯಲ್ಲಿ ನಿಷೇಧಿಸಿದ ವಸ್ತುವನ್ನೋ. ಪುಡಿ ನಿಮ್ಮ ಆರೋಗ್ಯ ಸುಧಾರಿಸುತ್ತದೆ ಎಂದು ಯಾರೂ ಮುದ್ರೆ ಒತ್ತುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಡಬ್ಬಿಯನ್ನು ಯಾರ ಕೈಯಿಂದಲೂ ಕಿತ್ತುಕೊಳ್ಳುವ ಆಸೆ ನನಗಿಲ್ಲ. ಹಲ್ಲಿಲ್ಲದೆ ಅಗಿಯಲಾಗದ ಹಿರಿಯರು, ತಿಂಗಳುಗಟ್ಟಲೆ ಹಡಗಿನಲ್ಲಿ ಇರುವವರು, ಹಸಿವೇ ಸತ್ತುಹೋದ ಕಾಯಿಲೆಯಿಂದ ಏಳುತ್ತಿರುವವರು, ತರಕಾರಿಯ ವಾಸನೆ ಕಂಡರಾಗದವರು — ಇವರಿಗೆ ಏನೂ ಇಲ್ಲದ್ದಕ್ಕಿಂತ ಒಂದು ಚಮಚ ಮೇಲು. ಅವರಿಗೂ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ, ಬೇಕಿರುವುದು ಒಂದೆರಡು ವಿಟಮಿನ್ ಮಾತ್ರವಾದರೆ ಸಾದಾ ಮಾತ್ರೆ ಸಾಲದೇ ಎಂಬುದು. ಅದರಲ್ಲಿ ಏನು ಎಷ್ಟಿದೆ ಎಂದು ಸ್ಪಷ್ಟವಾಗಿ ಬರೆದಿರುತ್ತದೆ.

ಕುಡಿಯುವುದೇ ಆದರೆ ವೈದ್ಯರಿಗೆ ಹೇಳಿ ಕುಡಿಯಬೇಕು. ರಕ್ತಪರೀಕ್ಷೆಗೆ ಹೋಗುವಾಗಲಂತೂ ಮರೆಯದೆ ಹೇಳಬೇಕು. ಕೂದಲು, ಚರ್ಮಕ್ಕೆಂದು ಕೆಲವು ಪುಡಿಗಳಲ್ಲಿ ಬಯೋಟಿನ್ ಧಾರಾಳವಾಗಿ ಬೆರೆಸಿರುತ್ತಾರೆ. ಅದು ಪ್ರಯೋಗಾಲಯದ ಕೆಲವು ಪರೀಕ್ಷೆಗಳನ್ನು ದಾರಿ ತಪ್ಪಿಸುತ್ತದೆ ಎಂದು ಅಮೆರಿಕದ ಆಹಾರ ಮತ್ತು ಔಷಧಿ ಆಡಳಿತ 2017ರಲ್ಲೇ ಎಚ್ಚರಿಸಿದೆ. ಹೃದಯಾಘಾತ ಪತ್ತೆಗೆ ಮಾಡುವ ಟ್ರೊಪೊನಿನ್ ಪರೀಕ್ಷೆ ಅವುಗಳಲ್ಲೊಂದು: ಬಯೋಟಿನ್ ಹೆಚ್ಚಿದ್ದರೆ ಅಂಕಿ ಇರುವುದಕ್ಕಿಂತ ಕಡಿಮೆ ತೋರಿಸಿ, ಹೃದಯಕ್ಕೆ ಏನೂ ಆಗಿಲ್ಲ ಎಂದು ಮನೆಗೆ ಕಳುಹಿಸಿಬಿಡಬಹುದು.